ಎರಡು ಗಂಟೆಯಲ್ಲಿ ಎಷ್ಟು ಹಿಡಿಸುತ್ತೆ: ಶಾರೀರಿಕ ಮನೋವಿಜ್ಞಾನದ ಪ್ರಾಕ್ಟಿಕಲ್ ಯೋಜನೆ

ಬೀರು ತೆಗೆದು ಒಳಗೆ ಏನಿದೆ ಅಂತ ನೋಡಿ, ಅದರ ಪ್ರಕಾರ ಪ್ರಾಕ್ಟಿಕಲ್ ಪಟ್ಟಿ ಬರೆಯುವುದು ನಮ್ಮ ಮನೋವಿಜ್ಞಾನ ವಿಭಾಗಗಳ ಹಳೆಯ ರೂಢಿ. ಮಿರರ್ ಡ್ರಾಯಿಂಗ್ (ಕನ್ನಡಿಯಲ್ಲಿ ನೋಡುತ್ತಾ ಚಿತ್ರ ತಿದ್ದುವುದು) ಇದೆಯಾ, ಹಾಕಿ. ಮುಲ್ಲರ್-ಲೈಯರ್ (ಗೆರೆಯ ಉದ್ದದ ದೃಷ್ಟಿಭ್ರಮೆ) ಇದೆಯಾ, ಅದನ್ನೂ ಹಾಕಿ. ಮಿಕ್ಕ ಪೇಪರ್‌ಗಳಿಗೆ ಇದು ಹೇಗೋ ನಡೆದುಹೋಗುತ್ತೆ. ಮನಸ್ಸಿನ ಕೆಲಸವನ್ನು ದೇಹ, ಮೆದುಳಿನ ಮೂಲಕ ಓದುವ ಶಾರೀರಿಕ ಮನೋವಿಜ್ಞಾನಕ್ಕೆ ಬಂದಾಗ ಕೈಕೊಡುತ್ತೆ. ಬೀರುವಿನಲ್ಲಿ ದೇಹವನ್ನು ಅಳೆಯುವ ಸಾಮಾನು ಇರುವುದಿಲ್ಲ, ಇದ್ದರೆ ಯಾವುದೋ ಗ್ರಾಂಟ್‌ನಲ್ಲಿ ಬಂದ, ಬಿಚ್ಚದೇ ಇರುವ ಇಇಜಿ (ಮೆದುಳಿನ ವಿದ್ಯುತ್ ಅಲೆ ಅಳೆಯುವ) ಪೆಟ್ಟಿಗೆ ಇರುತ್ತೆ. ಕೊನೆಗೆ ಚಾರ್ಟ್ ನೋಡಿ ನ್ಯೂರಾನ್ ಚಿತ್ರ ಬರೆಸಿ ರೆಕಾರ್ಡ್ ಬುಕ್‌ಗೆ ಸಹಿ ಹಾಕುತ್ತೇವೆ.

ಬೀರುವನ್ನು ಸ್ವಲ್ಪ ಹೊತ್ತು ಮುಚ್ಚಿಡಿ. ಎರಡು ಲೆಕ್ಕ ಮೊದಲು ಮಾಡಿ, ಆಮೇಲೆ ಉಪಕರಣದ ಮಾತು.

ಮೊದಲನೆಯದು ಗಡಿಯಾರದ ಲೆಕ್ಕ. ಪ್ರಾಕ್ಟಿಕಲ್ ಅವಧಿ ಎರಡು ಗಂಟೆ ಅಂದುಕೊಳ್ಳಿ. ಹಾಜರಿ, ಸೂಚನೆ, ಕೊನೆಗೆ ಸಾಮಾನು ಎತ್ತಿಡುವುದು ಎಲ್ಲ ಕಳೆದರೆ ಕೈಗೆ ಸಿಗುವುದು ತೊಂಬತ್ತು ನಿಮಿಷ. ಬ್ಯಾಚ್‌ನಲ್ಲಿ 18 ಜನ, ಯಂತ್ರ ಒಂದು, ಒಬ್ಬರಿಗೆ 15 ನಿಮಿಷ. ಎಲ್ಲರೂ ಮುಗಿಸಲು ನಾಲ್ಕೂವರೆ ಗಂಟೆ ಬೇಕು. ಅಂದರೆ 6 ಜನ ಅಳತೆಗೆ ಕೂರುತ್ತಾರೆ, 12 ಜನ ಮೊಬೈಲ್ ನೋಡುತ್ತಾರೆ. ಇದನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಕಾಗದದ ಮೇಲೆ ಹಾಕಿದರೆ ಉಪಾಯ ಹೊಳೆಯುತ್ತೆ: ಮೂವರ ಗುಂಪು ಮಾಡಿ, ಒಬ್ಬರು ಸಬ್ಜೆಕ್ಟ್ (ಅಳತೆಗೆ ಕೂರುವವರು), ಒಬ್ಬರು ಯಂತ್ರ ನೋಡುವವರು, ಒಬ್ಬರು ಏನೇನು ಯಾವ ಕ್ಷಣಕ್ಕೆ ಆಯಿತು ಅಂತ ಬರೆದುಕೊಳ್ಳುವವರು. ಒಂದು ಯಂತ್ರದ ಮೇಲೆ ಒಂದು ಗುಂಪು, ಉಳಿದ ಗುಂಪುಗಳಿಗೆ ಅದೇ ವಿಷಯದ್ದೇ ಬೇರೆ, ಯಂತ್ರ ಬೇಡದ ಪ್ರಯೋಗ. ಮೂರು ವಾರದಲ್ಲಿ ಸರದಿ ಸುತ್ತಿ ಬರುತ್ತೆ.

ಎರಡನೆಯ ಲೆಕ್ಕ ಇನ್ನೂ ಮುಖ್ಯ. ನೀವು ತೋರಿಸಬೇಕೆಂದಿರುವ ಪರಿಣಾಮ ಎಷ್ಟು ದೊಡ್ಡದು, ಅದರ ಸುತ್ತ ಇರುವ ಗದ್ದಲ ಎಷ್ಟು? ಎದೆ ಅಥವಾ ಮಣಿಕಟ್ಟಿನಿಂದ ಹಿಡಿಯುವ ಇಸಿಜಿ, ಅಂದರೆ ಹೃದಯದ ವಿದ್ಯುತ್ ಸಿಗ್ನಲ್, ಸುಮಾರು ಒಂದು ಮಿಲಿವೋಲ್ಟ್. ಬಿಗಿ ಹಿಡಿದ ಮಾಂಸಖಂಡದ ವಿದ್ಯುತ್ ಸಿಗ್ನಲ್ ಇಎಂಜಿ ಕೂಡ ಆ ಮಟ್ಟದ್ದೇ, ಕೆಲವೊಮ್ಮೆ ಇನ್ನೂ ಹೆಚ್ಚು. ಇಇಜಿಯ ಆಲ್ಫಾ ಅಲೆ 50 ಮೈಕ್ರೋವೋಲ್ಟ್ ಆಸುಪಾಸು, ಅಂದರೆ ಇಸಿಜಿಯ ಇಪ್ಪತ್ತನೇ ಒಂದು ಪಾಲು. ಒಂದು ಶಬ್ದ ಕೇಳಿದಾಗ ಮೆದುಳಲ್ಲಿ ಏಳುವ ಪ್ರಚೋದಿತ ವಿಭವ ಬರೀ ಕೆಲವು ಮೈಕ್ರೋವೋಲ್ಟ್. ಹಿನ್ನೆಲೆಯ ಗದ್ದಲ 20 ಮೈಕ್ರೋವೋಲ್ಟ್ ಇದ್ದರೆ, 100 ಸಲ ಶಬ್ದ ಕೇಳಿಸಿ ಸರಾಸರಿ ತೆಗೆದಾಗ ಅದು 2ಕ್ಕೆ ಇಳಿಯುತ್ತೆ. ಗದ್ದಲ ಇಳಿಯುವುದು ಸಲಗಳ ಸಂಖ್ಯೆಯ ವರ್ಗಮೂಲದ ಪ್ರಕಾರ, ಅದಕ್ಕೇ 25 ಸಲಕ್ಕೆ ನಿಲ್ಲಿಸಿದರೆ 4ಕ್ಕೆ ಮಾತ್ರ ಇಳಿದಿರುತ್ತೆ, ನಿಮಗೆ ಬೇಕಾದ ಅಲೆ ಅದರಲ್ಲೇ ಮುಳುಗಿರುತ್ತೆ. ಪಿ-300 (ಅಪರೂಪದ ಶಬ್ದ ಕೇಳಿ ಸುಮಾರು 300 ಮಿಲಿಸೆಕೆಂಡ್ ಆದಮೇಲೆ ಏಳುವ ಅಲೆ) ತೋರಿಸುತ್ತೇವೆ ಅಂತ ಹೊರಟ ಪ್ರಾಕ್ಟಿಕಲ್‌ಗಳು ಎಡವುವುದು ಇಲ್ಲೇ.

ಹಾಗಾಗಿ ನನ್ನ ಸಲಹೆ: ಹೃದಯದಿಂದ ಶುರು ಮಾಡಿ, ಚರ್ಮಕ್ಕೆ ಹೋಗಿ, ಇಇಜಿಯನ್ನು ಕೊನೆಗಿಡಿ. ಎಲ್ಲಕ್ಕಿಂತ ಮೊದಲು ಒಂದು ಸ್ಕೇಲ್.

ಒಬ್ಬರು ಮೇಲಿನಿಂದ ಬಿಟ್ಟ ಸ್ಕೇಲನ್ನು ಇನ್ನೊಬ್ಬರು ಬೆರಳುಗಳ ನಡುವೆ ಹಿಡಿದು ಪ್ರತಿಕ್ರಿಯಾ ಕಾಲ ಅಳೆಯುವುದು ನಿಮಗೆಲ್ಲ ಗೊತ್ತು. ಸ್ಕೇಲ್ ಬಿದ್ದ ದೂರವನ್ನು ಎರಡರಿಂದ ಗುಣಿಸಿ, 980ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ದೂರ ಸೆಂಟಿಮೀಟರ್‌ನಲ್ಲಿದ್ದರೆ ಉತ್ತರ ಸೆಕೆಂಡಿನಲ್ಲಿ. 15 ಸೆಂ.ಮೀ. ಅಂದರೆ 0.175 ಸೆಕೆಂಡ್, 20 ಅಂದರೆ 0.202, 25 ಅಂದರೆ 0.226. ಓದುವುದರಲ್ಲಿ ಒಂದು ಸೆಂಟಿಮೀಟರ್ ತಪ್ಪಾದರೂ ಹೋಗುವುದು 5–6 ಮಿಲಿಸೆಕೆಂಡ್ ಅಷ್ಟೇ. ಇಷ್ಟು ಅಗ್ಗಕ್ಕೆ ಇಷ್ಟು ನಿಖರತೆ ಬೇರೆಲ್ಲೂ ಸಿಗದು.

ಆದರೆ ಮಾಮೂಲಿ 30 ಸೆಂ.ಮೀ. ಸ್ಕೇಲ್ ತರಬೇಡಿ. ಅದು 0.247 ಸೆಕೆಂಡಿಗೆ ಮುಗಿದುಹೋಗುತ್ತೆ. ಅದಕ್ಕಿಂತ ನಿಧಾನವಾದ ಸಲಗಳಲ್ಲಿ ಸ್ಕೇಲ್ ನೆಲಕ್ಕೆ ಬೀಳುತ್ತೆ, ವಿದ್ಯಾರ್ಥಿ ‘ಮಿಸ್ ಆಯ್ತು, ಇನ್ನೊಂದ್ಸಲ’ ಅಂತಾರೆ, ಆ ಸಲ ಲೆಕ್ಕದಿಂದಲೇ ಹೊರಗೆ. ನಿಧಾನದ ಸಲಗಳೆಲ್ಲ ಹೀಗೆ ಸೋರಿಹೋದ ಮೇಲೆ ಸರಾಸರಿ ಬಲು ಚುರುಕಾಗಿ ಕಾಣುತ್ತೆ. ಎರಡು ಸ್ಕೇಲ್ ಹಿಡಿದು ಯಾವುದಾದರೊಂದನ್ನು ಬಿಡುವ ಆಯ್ಕೆಯ ಪ್ರತಿಕ್ರಿಯೆಯಲ್ಲಂತೂ ಕಾಲ 0.3 ಸೆಕೆಂಡ್ ಮುಟ್ಟುವುದು ಮಾಮೂಲು, ಅದಕ್ಕೆ 44 ಸೆಂಟಿಮೀಟರ್ ಬೇಕು. ಬಟ್ಟೆ ಅಂಗಡಿಯಲ್ಲಿ ಅಳೆಯುವ ಮೀಟರ್ ಕಡ್ಡಿ ತನ್ನಿ.

ಮಿಕ್ಕ ಎಚ್ಚರಿಕೆಗಳು: ಮುಂಗೈ ಮೇಜಿನ ಅಂಚಿನ ಮೇಲೆ ಊರಿರಬೇಕು, ಇಲ್ಲದಿದ್ದರೆ ಕೈಯೇ ಸ್ಕೇಲಿನ ಜೊತೆ ಕೆಳಗಿಳಿಯುತ್ತೆ. ಹೆಬ್ಬೆರಳು ತೋರುಬೆರಳುಗಳ ನಡುವಿನ ಅಂತರ ಪ್ರತಿಸಲವೂ ಒಂದೇ ಇರಲಿ, ಎರಡು ಸೆಂ.ಮೀ. ದಪ್ಪದ ಮರದ ತುಂಡೊಂದನ್ನು ನಡುವೆ ಹಿಡಿದು ತೆಗೆದರೆ ಸಾಕು. ‘ರೆಡಿ’ ಅಂದಮೇಲೆ 1ರಿಂದ 4 ಸೆಕೆಂಡ್, ಒಂದೊಂದು ಸಲ ಒಂದೊಂದು ಥರ ಕಾಯಬೇಕು. ಆ ಕ್ರಮವನ್ನು ಮೊದಲೇ ಚೀಟಿಯಲ್ಲಿ ಬರೆದಿಡಿ, ಮನಸ್ಸಿಗೆ ಬಂದಂತೆ ಕಾಯುವವರು ಎರಡು ಸೆಕೆಂಡಿಗೇ ಅಂಟಿಕೊಳ್ಳುತ್ತಾರೆ. ಮೊದಲ ಐದು ಸಲ ಅಭ್ಯಾಸಕ್ಕೆ, ಆಮೇಲಿನ 20 ಲೆಕ್ಕಕ್ಕೆ. ಸರಾಸರಿಯ ಬದಲು ಮಧ್ಯಾಂಕ ತೆಗೆದುಕೊಳ್ಳಿ.

ಈಗ ಒಂದು ಬಲೆ. ಕಣ್ಣಿಗಿಂತ ಕಿವಿ ಸುಮಾರು 30–40 ಮಿಲಿಸೆಕೆಂಡ್ ಬೇಗ ಅಂತ ಪಾಠದಲ್ಲಿ ಹೇಳಿರುತ್ತೀರಿ. ಕಣ್ಣು ಮುಚ್ಚಿಸಿ, ಸ್ಕೇಲ್ ಬಿಡುವಾಗ ‘ಹ್ಞಾಂ’ ಅಂದರೆ ಅದನ್ನೂ ಅಳೆಯಬಹುದು ಅನ್ನಿಸುತ್ತೆ. ಆಗುವುದಿಲ್ಲ. ಬಿಡುವವರ ಬಾಯಿ ಮತ್ತು ಬೆರಳು ಒಂದೇ ಕ್ಷಣಕ್ಕೆ ಕೆಲಸ ಮಾಡುವುದಿಲ್ಲ, ಆ ವ್ಯತ್ಯಾಸವೇ ನೀವು ಹುಡುಕುತ್ತಿರುವ ಪರಿಣಾಮದಷ್ಟು ದೊಡ್ಡದಿರಬಹುದು. ಈ ಹೋಲಿಕೆಗೆ ಕಂಪ್ಯೂಟರ್ ಬೇಕು. ಸೈಕೋಪೈ ಅನ್ನುವ ಉಚಿತ ತಂತ್ರಾಂಶ ಸಾಕು. ಕೀಬೋರ್ಡ್ ತಾನೇ ಹತ್ತಾರು ಮಿಲಿಸೆಕೆಂಡ್ ತಡಮಾಡುತ್ತೆ ನಿಜ. ಆದರೆ ಆ ತಡ ಎರಡೂ ಸ್ಥಿತಿಗೆ ಒಂದೇ, ಕಳೆದಾಗ ಹೆಚ್ಚುಕಡಿಮೆ ಹೊರಟುಹೋಗುತ್ತೆ. ಹೀಗೆ ಕಳೆಯುವ ವಿಧಾನವನ್ನು ಡಚ್ ಶರೀರಶಾಸ್ತ್ರಜ್ಞ ಡೊಂಡರ್ಸ್ 1868ರಲ್ಲೇ ಹಾಕಿಕೊಟ್ಟಿದ್ದ.

ಯಂತ್ರವೇ ಬೇಡದ ಇನ್ನೊಂದು ಪ್ರಯೋಗವಿದೆ, ನರದ ವೇಗ ಅಳೆಯುವುದು. ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ 1850ರಲ್ಲಿ ಕಪ್ಪೆಯ ನರದಲ್ಲಿ ಅಳೆದು ಸೆಕೆಂಡಿಗೆ 27 ಮೀಟರ್ ಸುಮಾರು ಅಂದಾಗ, ಇಷ್ಟು ನಿಧಾನವೇ ಅಂತ ಜನ ನಂಬಲಿಲ್ಲ. 18 ಜನರನ್ನು ನೆಲದ ಮೇಲೆ ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿಸಿ. ಒಂದು ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಭುಜ ಒತ್ತಿದೊಡನೆ ಮುಂದಿನವರ ಭುಜ ಒತ್ತಬೇಕು. ಇನ್ನೊಂದು ಸುತ್ತಿನಲ್ಲಿ ಮುಂದಿನವರ ಹಿಮ್ಮಡಿಯ ಮೇಲ್ಭಾಗ ಒತ್ತಬೇಕು. ಕೈಯ ಕೆಲಸ ಎರಡರಲ್ಲೂ ಒಂದೇ, ಸುದ್ದಿ ಮೆದುಳಿಗೆ ಬರುವ ದಾರಿ ಮಾತ್ರ ಕಾಲಿನದಕ್ಕೆ ಹೆಚ್ಚುವರಿಯಾಗಿ ಒಂದು ಮೀಟರ್‌ನಷ್ಟು ಉದ್ದ. ಉದಾಹರಣೆಗೆ ಭುಜದ ಸುತ್ತು 5.00 ಸೆಕೆಂಡ್, ಕಾಲಿನದು 5.45 ಬಂತು ಅಂದುಕೊಳ್ಳಿ. ವ್ಯತ್ಯಾಸ 0.45, 18ರಿಂದ ಭಾಗಿಸಿದರೆ ಒಬ್ಬರಿಗೆ 0.025 ಸೆಕೆಂಡ್, ಅಂದರೆ ಸೆಕೆಂಡಿಗೆ 40 ಮೀಟರ್. ಎಲ್ಲಿ ಕೆಡುತ್ತೆ ಅಂದರೆ, ಪ್ರತಿ ಸುತ್ತಿಗೂ ಅಭ್ಯಾಸದಿಂದ ವೇಗ ಹೆಚ್ಚುತ್ತಾ ಹೋಗುತ್ತೆ. ಭುಜವನ್ನು ಮೊದಲು ಮಾಡಿ ಕಾಲನ್ನು ಆಮೇಲೆ ಮಾಡಿದರೆ ಕಾಲೇ ವೇಗ ಅಂತ ಬರಬಹುದು! ಮೊದಲು ಸಮಯ ಒಂದು ಹದಕ್ಕೆ ನಿಲ್ಲುವವರೆಗೆ ಹತ್ತು ಸುತ್ತು ಬರೀ ಅಭ್ಯಾಸ; ಆಮೇಲೆ ಕಾಲು, ಭುಜ, ಭುಜ, ಕಾಲು ಈ ಕ್ರಮದಲ್ಲಿ. ಭಂಗಿಯೂ ಎರಡಕ್ಕೂ ಒಂದೇ ಇರಲಿ, ಭುಜದ ಸುತ್ತನ್ನೂ ಕೂರಿಸಿಯೇ ಮಾಡಿ. ಹುಡುಗ ಹುಡುಗಿಯರು ಪರಸ್ಪರ ಮುಟ್ಟಲು ಮುಜುಗರಪಟ್ಟರೆ ಬಲವಂತ ಬೇಡ. ಸ್ಕೇಲಿನ ತುದಿಯಿಂದ ತಟ್ಟಬಹುದು, ಇಲ್ಲವೇ ಎರಡು ಸಾಲು ಮಾಡಬಹುದು.

ಹೃದಯಕ್ಕೆ ಬರೋಣ. ತಣ್ಣೀರಿನಲ್ಲಿ ಮುಖ ಮುಳುಗಿಸಿದಾಗ ನಾಡಿ ನಿಧಾನವಾಗುವ ಡೈವಿಂಗ್ ರಿಫ್ಲೆಕ್ಸ್ ಸೊಗಸಾದ ಪ್ರಾಕ್ಟಿಕಲ್, ಯಾಕೆಂದರೆ ಪರಿಣಾಮ ದೊಡ್ಡದು: ಶೇಕಡ 10ರಿಂದ 25ರಷ್ಟು ಇಳಿಕೆ ಸಾಮಾನ್ಯ. ಒಂದು ಅಗಲ ಬೇಸಿನ್, ಐಸ್, ಥರ್ಮಾಮೀಟರ್, ಒಬ್ಬೊಬ್ಬರಿಗೂ ಬೇರೆ ನೀರು ಮತ್ತು ಟವೆಲ್. ನೀರು 10–15 ಡಿಗ್ರಿ ಇರಬೇಕು. ಮುಖ ಅಂದರೆ ಹಣೆ ಮತ್ತು ಕಣ್ಣಿನ ಸುತ್ತಲ ಭಾಗ ಒದ್ದೆಯಾಗಲೇಬೇಕು, ಸುದ್ದಿ ಹೋಗುವುದು ಅಲ್ಲಿನ ಟ್ರೈಜೆಮಿನಲ್ ನರದಿಂದ. ಬರೀ ಬಾಯಿ-ಗಲ್ಲ ಅದ್ದಿದರೆ ಪರಿಣಾಮ ಪೇಲವ.

ಹೋಲಿಕೆಗೆ ಮೂರು ಸ್ಥಿತಿ ಬೇಕು. ಬಗ್ಗಿ ಸುಮ್ಮನೆ ಉಸಿರಾಡುವುದು, ಬಗ್ಗಿ ನೀರಿಲ್ಲದೆ 30 ಸೆಕೆಂಡ್ ಉಸಿರು ಹಿಡಿಯುವುದು, ಬಗ್ಗಿ ತಣ್ಣೀರಲ್ಲಿ 30 ಸೆಕೆಂಡ್ ಉಸಿರು ಹಿಡಿಯುವುದು. ‘ಬಗ್ಗಿ’ ಅಂತ ಮೂರು ಸಲ ಹೇಳಿದ್ದು ಸುಮ್ಮನೆ ಅಲ್ಲ. ಕೂತ ನಾಡಿಯನ್ನು ಬಗ್ಗಿದ ನಾಡಿಯ ಜೊತೆ ಹೋಲಿಸಿದರೆ ಭಂಗಿಯ ವ್ಯತ್ಯಾಸವೂ ಒಳಗೆ ಸೇರಿಕೊಳ್ಳುತ್ತೆ.

ಅಳೆಯುವುದು ಹೇಗೆ? ಎಲ್ಲರ ಮನೆಯಲ್ಲೂ ಕೋವಿಡ್ ಕಾಲದ ಪಲ್ಸ್ ಆಕ್ಸಿಮೀಟರ್ ಇದೆ, ಅದನ್ನೇ ಬೆರಳಿಗೆ ಹಾಕೋಣ ಅನ್ನಿಸುತ್ತೆ. ಇಲ್ಲಿ ಅದು ಸರಿಹೋಗದು. ಈ ರಿಫ್ಲೆಕ್ಸ್‌ನ ಇನ್ನರ್ಧ ಏನೆಂದರೆ ಕೈಕಾಲಿನ ರಕ್ತನಾಳ ಕುಗ್ಗುವುದು. ನಾಡಿ ಚೆನ್ನಾಗಿ ಇಳಿದ ಹೊತ್ತಿಗೇ ಬೆರಳಿನ ಸಿಗ್ನಲ್ ಸಣ್ಣದಾಗಿ ಕೈಬಿಟ್ಟುಹೋಗಬಹುದು. ಸಾಲದ್ದಕ್ಕೆ ಆ ಯಂತ್ರ ಹಿಂದಿನ ಹಲವು ಬಡಿತಗಳ ಸರಾಸರಿ ತೋರಿಸುವುದರಿಂದ ತಡವಾಗಿ ಹಿಂಬಾಲಿಸುತ್ತೆ. ಇಸಿಜಿ ಇದ್ದರೆ ಅದೇ ಸರಿ. ಇಲ್ಲದಿದ್ದರೆ ಜೊತೆಗಾರರು ಮಣಿಕಟ್ಟು ಅಥವಾ ಕತ್ತಿನ ಒಂದೇ ಬದಿಯಲ್ಲಿ ಹಗುರವಾಗಿ ಬೆರಳಿಟ್ಟು, ಪ್ರತಿ ಬಡಿತಕ್ಕೂ ಇನ್ನೊಂದು ಕೈಯಿಂದ ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ಲ್ಯಾಪ್ ಒತ್ತಲಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ. ಒಂದು ಬಡಿತ ತಪ್ಪಿದರೆ ನಿಮಿಷಕ್ಕೆ ನಾಲ್ಕು ತಪ್ಪು. ಇಳಿಕೆ ಶುರುವಾಗಲು ಕೆಲವು ಸೆಕೆಂಡ್ ಬೇಕು, ಆಳಕ್ಕೆ ಹೋಗುವುದು ಕೊನೆಯ ಹತ್ತು ಹದಿನೈದು ಸೆಕೆಂಡ್‌ಗಳಲ್ಲಿ, ಆ ಭಾಗವನ್ನೇ ಹೋಲಿಸಿ.

ಹೃದಯದ ತೊಂದರೆ, ಬವಳಿ ಬರುವ ಅಭ್ಯಾಸ, ಆಸ್ತಮಾ, ಅಪಸ್ಮಾರ, ಗರ್ಭಧಾರಣೆ ಇರುವವರು ಇದರಲ್ಲಿ ಕೂರಬಾರದು. ಮುಳುಗುವ ಮುನ್ನ ಜೋರಾಗಿ ಉಸಿರೆಳೆದುಕೊಳ್ಳುವ ಶೂರತನವನ್ನೂ ತಡೆಯಿರಿ. ನೀರು ಬೇಡವೆಂದರೆ ಜಿಪ್ ಕವರ್‌ನಲ್ಲಿ ಐಸ್ ನೀರು ತುಂಬಿ ಹಣೆಯ ಮೇಲಿಡಬಹುದು. ಕಣ್ಣುಗುಡ್ಡೆ ಮಾತ್ರ ಒತ್ತಬಾರದು: ಕಣ್ಣು ಒತ್ತಿದರೇ ಹೃದಯ ನಿಧಾನವಾಗುತ್ತೆ, ಅದು ಬೇರೆಯೇ ರಿಫ್ಲೆಕ್ಸ್, ಅಪಾಯವೂ ಹೌದು.

ಇಲ್ಲಿ ಒಂದು ಮಾತು ಸೇರಿಸಬೇಕು. ‘ಯಾರಿಗೆಲ್ಲ ಹೃದಯದ ತೊಂದರೆ ಇದೆ, ಕೈ ಎತ್ತಿ’ ಅಂತ ಯಾವತ್ತೂ ಕೇಳಬೇಡಿ. ಯಾರೂ ಎತ್ತುವುದಿಲ್ಲ, ಗರ್ಭಿಣಿಯಂತೂ ಖಂಡಿತ ಎತ್ತುವುದಿಲ್ಲ. ಹಿಂದಿನ ವಾರವೇ ಎಲ್ಲರಿಗೂ ಚೀಟಿ ಕೊಡಿ. ಯಾರು ಕೂರಬಾರದು ಅನ್ನುವ ಪಟ್ಟಿ ಅದರಲ್ಲಿರಲಿ, ಕೆಳಗೆ ಒಂದೇ ಸಾಲು: ‘ನಾನು ಈ ಪ್ರಯೋಗದಲ್ಲಿ ಸಬ್ಜೆಕ್ಟ್ ಆಗುತ್ತೇನೆ / ಪ್ರಯೋಗಕಾರ ಆಗುತ್ತೇನೆ’. ಕಾರಣ ಬರೆಯುವ ಜಾಗವೇ ಬೇಡ. ಅಂಕ ಎರಡಕ್ಕೂ ಒಂದೇ ಅಂತ ಚೀಟಿಯಲ್ಲೇ ಅಚ್ಚಾಗಿರಬೇಕು.

ಚರ್ಮದ ವಾಹಕತೆ, ಅಂದರೆ ಜಿಎಸ್‌ಆರ್: ಮನಸ್ಸು ಕೆರಳಿದಾಗ ಅಂಗೈ ಬೆವೆತು ಚರ್ಮದಲ್ಲಿ ವಿದ್ಯುತ್ ಹೆಚ್ಚು ಸುಲಭವಾಗಿ ಹರಿಯುವುದನ್ನು ಅಳೆಯುವುದು. ಹೆಚ್ಚು ಕಾಲೇಜುಗಳಲ್ಲಿ ಇದು ಇರುತ್ತೆ, ಹೆಚ್ಚು ಕೆಡುವುದೂ ಇದೇ. ಅಗ್ಗದ ಸಾಧನಗಳು ತೋರಿಸುವುದು ರೋಧವನ್ನು (ವಿದ್ಯುತ್ತಿಗೆ ಚರ್ಮ ಒಡ್ಡುವ ತಡೆ), ನಿಮಗೆ ಬೇಕಾದ್ದು ಅದರ ವಿಲೋಮವಾದ ವಾಹಕತೆ. ಒಬ್ಬರ ರೋಧ 100 ಕಿಲೋ ಓಮ್‌ನಿಂದ 90ಕ್ಕೆ ಇಳಿಯಿತು, ಇನ್ನೊಬ್ಬರದು 500ರಿಂದ 490ಕ್ಕೆ. ಇಬ್ಬರದೂ ಹತ್ತೇ, ಸಮ ಅಂತ ರೆಕಾರ್ಡ್ ಬುಕ್‌ನಲ್ಲಿ ಬರೆದಿರುತ್ತಾರೆ. ವಾಹಕತೆಗೆ ತಿರುಗಿಸಿ ನೋಡಿ. ಮೊದಲನೆಯದು 10ರಿಂದ 11.1 ಮೈಕ್ರೋಸೀಮೆನ್ಸ್‌ಗೆ ಏರಿದೆ, ಎರಡನೆಯದು 2ರಿಂದ 2.04ಕ್ಕೆ. ಪ್ರತಿಕ್ರಿಯೆ ಅಂತ ಒಪ್ಪಿಕೊಳ್ಳಲು ಸಾಮಾನ್ಯವಾಗಿ ಇಟ್ಟುಕೊಳ್ಳುವ ಕನಿಷ್ಠ ಮಿತಿ 0.05. ಅಂದರೆ ಎರಡನೆಯವರದು ಪ್ರತಿಕ್ರಿಯೆಯೇ ಅಲ್ಲ. ಈ ಒಂದು ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿಸದೆ ಯಂತ್ರ ಮುಟ್ಟಲು ಬಿಡಬೇಡಿ.

ಎಲೆಕ್ಟ್ರೋಡ್ ಬರೆಯದ ಕೈಯ ತೋರುಬೆರಳು ಮತ್ತು ನಡುಬೆರಳಿಗೆ. ಕೈಯನ್ನು ಬರೀ ನೀರಿನಲ್ಲಿ ತೊಳೆದು ಒರೆಸಿದರೆ ಸಾಕು. ಸ್ಪಿರಿಟ್ ಹಚ್ಚಬೇಡಿ, ಸೋಪೂ ಬೇಡ, ಎರಡೂ ಚರ್ಮವನ್ನು ಒಣಗಿಸುತ್ತವೆ. ಇಸಿಜಿಗೆ ಬಳಸುವ ಜೆಲ್‌ನಲ್ಲಿ ಉಪ್ಪು ಹೆಚ್ಚು, ಇಲ್ಲಿ ಅದು ತಪ್ಪು ಅಳತೆ ಕೊಡುತ್ತೆ. ಇದಕ್ಕೆಂದೇ ಸಿಗುವ ಕಡಿಮೆ ಉಪ್ಪಿನ ಜೆಲ್ ಹಚ್ಚಿ ಐದು ನಿಮಿಷ ಕಾಯಿರಿ. ಆಮೇಲೆ ಒಂದು ಆಳವಾದ ಉಸಿರು ತೆಗೆದುಕೊಳ್ಳಲು ಹೇಳಿ. ಗ್ರಾಫ್ ಏರಿದರೆ ಸಂಪರ್ಕ ಸರಿಯಿದೆ, ಏರದಿದ್ದರೆ ಮೊದಲು ಎಲೆಕ್ಟ್ರೋಡ್ ನೋಡಿ. ಸರಿಯಿದ್ದೂ ಏರದವರು ಹತ್ತರಲ್ಲೊಬ್ಬರು ಇರುತ್ತಾರೆ, ಅವರನ್ನು ಗದರಿಸಬೇಡಿ. ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಏಪ್ರಿಲ್‌ನ ಕಲಬುರಗಿಯಲ್ಲೋ, ಸೆಕೆಯ ಮಂಗಳೂರಿನಲ್ಲೋ ಅಂಗೈ ಬೆವೆತು ನಿಂತಿರುವಾಗ ಈ ಪ್ರಯೋಗ ಇಟ್ಟರೆ ಗ್ರಾಫ್ ಮೇಲ್ಮಟ್ಟದಲ್ಲೇ ಕೂತಿರುತ್ತೆ. ಸುಮಾರು 23 ಡಿಗ್ರಿಯ ಕೋಣೆ ಒಳ್ಳೆಯದು, ಎಸಿ ಇಲ್ಲದ ಕಡೆ ಇದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಪ್ರಯೋಗ ಯಾವುದು? ರೂಢಿಗೊಳ್ಳುವಿಕೆ. ಒಂದೇ ಶಬ್ದ ಹತ್ತು ಸಲ, ನಡುವೆ 20ರಿಂದ 40 ಸೆಕೆಂಡ್ ಬೇರೆ ಬೇರೆ ಅಂತರ. ಹನ್ನೊಂದನೆಯದು ಬೇರೆ ಶಬ್ದ, ಹನ್ನೆರಡನೆಯದು ಮತ್ತೆ ಹಳೆಯದು. ಪ್ರತಿಕ್ರಿಯೆ ಕುಗ್ಗುತ್ತಾ ಬಂದು, ಹೊಸ ಶಬ್ದಕ್ಕೆ ಏಳುತ್ತೆ. ಅಂತರ ಹತ್ತು ಸೆಕೆಂಡಿಗೆ ಇಳಿಸಿ ಬೇಗ ಮುಗಿಸೋಣ ಅಂದರೆ ಹಿಂದಿನ ಅಲೆ ಇಳಿಯುವ ಮುನ್ನ ಮುಂದಿನದು ಅದರ ಬೆನ್ನೇರುತ್ತೆ. ಶಬ್ದದ ನಂತರ 1ರಿಂದ 3 ಸೆಕೆಂಡಿನೊಳಗೆ ಶುರುವಾದ ಏರಿಕೆಯನ್ನಷ್ಟೇ ಎಣಿಸಿ. ಅರ್ಧ ಸೆಕೆಂಡಿಗೇ ಏರಿದ್ದರೆ ಅದು ಶಬ್ದದ್ದಲ್ಲ, ಕೆಮ್ಮಿನದ್ದೋ ಬಾಗಿಲಿನದ್ದೋ. ಮೂರನೆಯ ವಿದ್ಯಾರ್ಥಿ ಬರೆದುಕೊಳ್ಳುತ್ತಾ ಕೂತಿದ್ದರ ಬೆಲೆ ಆಗ ತಿಳಿಯುತ್ತೆ.

ಇದೇ ಯಂತ್ರದಲ್ಲಿ ‘ಸುಳ್ಳು ಪತ್ತೆ’ ಮಾಡಿಸುವ ಆಸೆ ಎಲ್ಲರಿಗೂ ಇರುತ್ತೆ, ವಿದ್ಯಾರ್ಥಿಗಳೂ ಅದನ್ನೇ ಕೇಳುತ್ತಾರೆ. ಬೇಡ. ಸುಳ್ಳಿಗೆ ಮಾತ್ರ ಬರುವ ಚರ್ಮದ ಪ್ರತಿಕ್ರಿಯೆ ಅಂತ ಒಂದಿಲ್ಲ. ಭಯಕ್ಕೂ, ಅಚ್ಚರಿಗೂ, ಎಲ್ಲರ ಮುಂದೆ ಕೂತ ಮುಜುಗರಕ್ಕೂ ಅದೇ ಗ್ರಾಫ್. ವಿದ್ಯಾರ್ಥಿಗಳ ಆಸಕ್ತಿಯನ್ನು ವ್ಯರ್ಥ ಮಾಡಬೇಕಿಲ್ಲ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣವನ್ನು ಚರ್ಚೆಗೆ ಕೊಡಿ. ಒಪ್ಪಿಗೆಯಿಲ್ಲದೆ ಪಾಲಿಗ್ರಾಫ್, ಮಂಪರು ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಒಂದು ಗಂಟೆ ಚೆನ್ನಾಗಿ ಹೋಗುತ್ತೆ.

ಮೆದುಳಿನ ವಿಚ್ಛೇದನ (ಡಿಸೆಕ್ಷನ್) ಮಾಡಿಸಲೇಬೇಕಾ ಅಂತ ಕೆಲವರು ಕೇಳಿದ್ದೀರಿ. ಜೀವಂತ ಪ್ರಾಣಿಯ ಮಾತು ಮೊದಲು ಮುಗಿಸಿಬಿಡೋಣ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಲು ಸಾಧ್ಯವಿರುವ ಕಡೆ ಪ್ರಾಣಿ ಪ್ರಯೋಗ ಬೇಡ ಅನ್ನುತ್ತೆ, ಬರೀ ಕೈಚಳಕ ಕಲಿಯಲು ಮಾಡುವಂತಿಲ್ಲ ಅಂತಲೂ ಹೇಳುತ್ತೆ. ಪದವಿ ತರಗತಿಗೆ ಇಲಿ ಬೇಡ, ಮಾತು ಅಲ್ಲಿಗೆ ಮುಗಿಯಿತು. ಮಟನ್ ಅಂಗಡಿಯಿಂದ ತರುವ ಕುರಿ ಅಥವಾ ಮೇಕೆಯ ಮೆದುಳು ಬೇರೆ ವಿಷಯ. ಅದು ಪಾಠಕ್ಕಾಗಿ ಕೊಂದ ಪ್ರಾಣಿಯದ್ದಲ್ಲ. ಮಾಡಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಥಲಾಮಸ್ ಎಲ್ಲಿದೆ ಅನ್ನುವುದು ಚಪ್ಪಟೆ ಚಿತ್ರದಿಂದ ತಲೆಗೆ ಹತ್ತುವುದಿಲ್ಲ.

ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿ. ಅವರ ವಾಡಿಕೆ ಮಚ್ಚಿನಿಂದ ತಲೆಯನ್ನು ಎರಡು ಹೋಳು ಮಾಡುವುದು, ಆಗ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್ ನಜ್ಜುಗುಜ್ಜಾಗಿರುತ್ತೆ. ಬುರುಡೆಯ ಮೇಲ್ಭಾಗವನ್ನು ಸುತ್ತಲೂ ಒಡೆದು ಇಡಿಯಾಗಿ ತೆಗೆದುಕೊಡಿ ಅಂತ ಬಿಡಿಸಿ ಹೇಳಿ, ಸ್ವಲ್ಪ ಹೆಚ್ಚು ದುಡ್ಡು ಕೊಡಿ. ಎಷ್ಟೇ ಹುಷಾರಾಗಿ ತೆಗೆದರೂ ಪಿಟ್ಯುಟರಿ ಗ್ರಂಥಿ ಬುರುಡೆಯ ಗುಳಿಯಲ್ಲೇ ಉಳಿದುಬಿಡಬಹುದು. ಮುಂತುದಿಯ ಘ್ರಾಣ ಗಡ್ಡೆ ಹರಿಯಬಹುದು. ಹತ್ತು ಬೇಕಿದ್ದರೆ ಹನ್ನೆರಡು ಹೇಳಿ.

ಹಸಿ ಮೆದುಳು ಗಟ್ಟಿ ಮೊಸರಿನಂತಿರುತ್ತೆ, ಕತ್ತರಿಸಲಾಗದು. ಅಂದೇ ಫಾರ್ಮಲಿನ್‌ಗೆ ಹಾಕಬೇಕು. ಅಂಗಡಿಯಲ್ಲಿ ಸಿಗುವ ಗಟ್ಟಿ ಫಾರ್ಮಲಿನ್ ಒಂದು ಪಾಲು, ನೀರು ಒಂಬತ್ತು ಪಾಲು. ಒಂದು ಮೆದುಳಿಗೆ ಕನಿಷ್ಠ ಒಂದೂವರೆ ಲೀಟರ್, ಎರಡು ಮೂರು ದಿನಕ್ಕೆ ಒಮ್ಮೆ ದ್ರಾವಣ ಬದಲಿಸಿ, ಒಟ್ಟು ಎರಡರಿಂದ ಮೂರು ವಾರ. ಚಿಕ್ಕ ಬಾಟಲಿಗೆ ತುರುಕಿದರೆ ಬಾಟಲಿಯ ಆಕಾರಕ್ಕೇ ಗಟ್ಟಿಯಾಗುತ್ತೆ, ಹೊರಗೆ ಗಟ್ಟಿ ಒಳಗೆ ಮೆತ್ತಗೆ ಉಳಿಯುತ್ತೆ. ಬಕೆಟ್ ತಳಕ್ಕೆ ದಪ್ಪಗೆ ಹತ್ತಿ ಹಾಸಿ, ಇಲ್ಲವೇ ಮೆದುಳಿನ ಅಡಿಯ ರಕ್ತನಾಳದ ಕೆಳಗೆ ದಾರ ತೂರಿಸಿ ತೂಗುಬಿಡಿ. ತರಗತಿಯ ಹಿಂದಿನ ದಿನ ತೆಗೆದು, ನೀರು ಬದಲಿಸುತ್ತಾ 24 ಗಂಟೆ ನೆನೆಸಿ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೇ ವರ್ಗೀಕರಿಸಿದೆ. ನೈಟ್ರೈಲ್ ಗ್ಲೌಸ್, ಕನ್ನಡಕ, ತೆರೆದ ಕಿಟಕಿ ಕಡ್ಡಾಯ. ಉಳಿದ ದ್ರಾವಣವನ್ನು ಸಿಂಕ್‌ಗೆ ಸುರಿಯಬೇಡಿ. ರಸಾಯನಶಾಸ್ತ್ರ ವಿಭಾಗದವರು ತಮ್ಮ ತ್ಯಾಜ್ಯವನ್ನು ಹೇಗೆ ಕಳಿಸುತ್ತಾರೋ ಅದರ ಜೊತೆ ಸೇರಿಸಿ.

ನಾಲ್ವರಿಗೆ ಒಂದು ಮೆದುಳು. ಮೊದಲ ಅರ್ಧ ಗಂಟೆ ಚಾಕು ಕೊಡಬೇಡಿ. ಅಡಿಭಾಗದಲ್ಲಿ ಘ್ರಾಣ ಗಡ್ಡೆಯಿಂದ ಹಿಂದಕ್ಕೆ ಬರಲಿ: ದೃಷ್ಟಿ ನರಗಳು ಅಡ್ಡ ಹಾಯುವ ಜಾಗ, ಅದರ ಹಿಂದೆ ಮ್ಯಾಮಿಲರಿ ಕಾಯ, ಪಾನ್ಸ್. ಮನುಷ್ಯರಲ್ಲಿ ಎರಡು ಕಾಣುವ ಮ್ಯಾಮಿಲರಿ ಕಾಯ ಕುರಿಯಲ್ಲಿ ಒಂದೇ ಗುಬುಟಿನಂತಿರುತ್ತೆ, ‘ಇನ್ನೊಂದೆಲ್ಲಿ ಸಾರ್’ ಅಂತ ಹುಡುಕುತ್ತಾ ಕೂರದಂತೆ ಮೊದಲೇ ಹೇಳಿಬಿಡಿ. ಆಮೇಲೆ ತಿರುಗಿಸಿ, ಸೆರೆಬೆಲ್ಲಮ್ (ಕಿರುಮೆದುಳು) ಮತ್ತು ಸೆರೆಬ್ರಮ್ (ಹಿರಿಮೆದುಳು) ನಡುವೆ ಬೆರಳಿಟ್ಟು ಮೆಲ್ಲಗೆ ಹಿಗ್ಗಿಸಿದರೆ ಪೀನಿಯಲ್ ಗ್ರಂಥಿ, ಅದರ ಹಿಂದೆ ನಾಲ್ಕು ದಿಬ್ಬ. ಮುಂದಿನ ಜೋಡಿ ನೋಟಕ್ಕೆ, ಹಿಂದಿನ ಜೋಡಿ ಕೇಳುವುದಕ್ಕೆ. ಕುರಿಯಲ್ಲಿ ಮುಂದಿನದು ಎದ್ದು ಕಾಣುವಷ್ಟು ದೊಡ್ಡದು. ಈಗ ಚಾಕು: ಹಲ್ಲಿಲ್ಲದ, ಉದ್ದ ಅಲಗಿನದು. ನಡುಗೆರೆಯಲ್ಲಿಟ್ಟು ಒಂದೇ ಎಳೆತಕ್ಕೆ ಎಳೆಯಬೇಕು. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಒಳಗಿನ ನರತಂತುಗಳ ಕಮಾನು ಫೋರ್ನಿಕ್ಸ್ ಹರಿದುಹೋಗುತ್ತೆ.

ಮಾಂಸ ಮುಟ್ಟದ ವಿದ್ಯಾರ್ಥಿಗಳಿಗೆ ಮಾದರಿ ಮತ್ತು ಫೋಟೋ ಇಡಿ, ಅಂಕ ಕಡಿಮೆ ಮಾಡಬೇಡಿ. ಬೆಂಗಳೂರಿಗೆ ಹತ್ತಿರ ಇರುವವರು ನಿಮ್ಹಾನ್ಸ್‌ನ ಮೆದುಳು ಮ್ಯೂಸಿಯಂ ಭೇಟಿಗೆ ಮೊದಲೇ ಕೇಳಿ ದಿನ ಗೊತ್ತುಮಾಡಿಕೊಳ್ಳಿ. ಪರೀಕ್ಷೆಗೆ ಪಿನ್ ಚುಚ್ಚಿ ‘ಇದರ ಹೆಸರೇನು’ ಅಂತ ಕೇಳಿದರೆ ಹಿಂದಿನ ರಾತ್ರಿ ಕಂಠಪಾಠ ಮಾಡಿ ಬರುತ್ತಾರೆ. ‘ಇಲ್ಲಿ ಪೆಟ್ಟಾದವರು ಈ ಸೆಮಿಸ್ಟರ್‌ನ ಯಾವ ಪ್ರಾಕ್ಟಿಕಲ್‌ನಲ್ಲಿ ಎಡವುತ್ತಾರೆ’ ಅಂತ ಕೇಳಿ.

ಈಗ ಬೀರು ತೆಗೆಯಬಹುದು. ಮಿರರ್ ಡ್ರಾಯಿಂಗ್ ಎಲ್ಲ ಕಡೆ ಇದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ. ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ನಡೆಸಿದ ಅದೇ ಗೋಪಾಲಸ್ವಾಮಿ. ಟ್ರಾನ್ಸ್‌ಮಿಟರ್ ಇಟ್ಟುಕೊಂಡ ಮನೋವಿಜ್ಞಾನಿ ನಮ್ಮವರೇ ಇದ್ದಾಗ, ವೈರ್ ಕಂಡರೆ ನಾವು ಹೆದರುವುದು ಸರಿಯಲ್ಲ. ಇರಲಿ.

ಮಿರರ್ ಡ್ರಾಯಿಂಗ್‌ನಲ್ಲಿ ನಾವು ಮಾಡಿಸುವುದು ಒಂದು ಕೈಯ ಕಲಿಕೆ ಇನ್ನೊಂದಕ್ಕೆ ದಾಟುವುದನ್ನು. ಅದೇ ಹಲಗೆಯನ್ನು ನೆನಪಿನ ಎರಡು ವ್ಯವಸ್ಥೆಗೆ ತಿರುಗಿಸಿ. 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾಗಿ ಹೊಸ ನೆನಪು ನಿಲ್ಲದಂತಾದ ಎಚ್.ಎಂ. ಎಂಬ ರೋಗಿ ಮೂರು ದಿನ ಕನ್ನಡಿ ನೋಡಿ ನಕ್ಷತ್ರ ತಿದ್ದಿದ. ತಪ್ಪು ದಿನದಿನಕ್ಕೂ ಇಳಿಯಿತು, ಹಿಂದೆ ಮಾಡಿದ್ದು ಮಾತ್ರ ಅವನಿಗೆ ನೆನಪಿರಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ತೋರಿಸಿದ್ದು ಇದನ್ನೇ. ನಿಮ್ಮ ವಿದ್ಯಾರ್ಥಿಗಳು ಮೂರು ದಿನ, ದಿನಕ್ಕೆ ಹತ್ತು ಸಲ ತಿದ್ದಲಿ. ಮೊದಲ ದಿನ 15 ಪದಗಳ ಪಟ್ಟಿಯನ್ನೂ ಕೊಟ್ಟು ಮೂರನೆಯ ದಿನ ಕೇಳಿ. ಕೈಯ ಕಲಿಕೆ ಉಳಿದಿರುತ್ತೆ, ಪದಗಳು ಉದುರಿರುತ್ತವೆ. ‘ತಪ್ಪು’ ಅಂದರೇನು ಅಂತ ಮೊದಲೇ ಗೊತ್ತುಮಾಡಿ: ಗೆರೆ ದಾಟಿ ಹೊರಹೋದರೆ ಒಂದು, ಎಷ್ಟು ದೂರ ಹೋದರೂ ಒಂದೇ, ಮುಟ್ಟಿದರೆ ಲೆಕ್ಕವಿಲ್ಲ. ಇದನ್ನು ಹೇಳದಿದ್ದರೆ ಒಂದೇ ಹಾಳೆಗೆ ಇಬ್ಬರು 12 ಮತ್ತು 30 ಅಂತ ಬರೆಯುತ್ತಾರೆ.

ಇಇಜಿ ಪೆಟ್ಟಿಗೆ ಇದ್ದರೆ ಒಂದೇ ಪ್ರದರ್ಶನ ಸಾಕು. ಕಣ್ಣು ಮುಚ್ಚಿದಾಗ ತಲೆಯ ಹಿಂಭಾಗದಲ್ಲಿ 8–13 ಹರ್ಟ್ಸ್‌ನ ಆಲ್ಫಾ ಏಳುವುದು, ತೆರೆದಾಗ ಅಡಗುವುದು. 30 ಸೆಕೆಂಡಿನಂತೆ ಆರು ಸಲ. ಸಬ್ಜೆಕ್ಟ್ ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆದು, ಕೊಬ್ಬರಿ ಎಣ್ಣೆ ಹಚ್ಚದೆ ಬರಬೇಕು. ನಮ್ಮಲ್ಲಿ ಇಂಪೀಡೆನ್ಸ್ (ಎಲೆಕ್ಟ್ರೋಡ್‌ಗೂ ಚರ್ಮಕ್ಕೂ ನಡುವಿನ ವಿದ್ಯುತ್ ತಡೆ) 5 ಕಿಲೋ ಓಮ್‌ಗೆ ಇಳಿಯದಿರಲು ಎಣ್ಣೆಯೇ ಮೊದಲ ಕಾರಣ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ. ಚಾರ್ಜರ್ ಕಿತ್ತರೆ 50 ಹರ್ಟ್ಸ್ ಗದ್ದಲ ಇಳಿಯುತ್ತೆ ಅನ್ನುವುದು ಲಾಭ; ಕರೆಂಟಿನ ಪ್ಲಗ್‌ಗೂ ಮನುಷ್ಯನ ಮೈಗೂ ನಡುವೆ ತಂತಿ ಇರಬಾರದು ಅನ್ನುವುದು ನಿಯಮ, ಅಗ್ಗದ ಇಸಿಜಿ ಬೋರ್ಡ್‌ಗಳಿಗೂ ಅದೇ. ಮೊದಲ ಹತ್ತು ನಿಮಿಷ ಬೇಕೆಂದೇ ಕಣ್ಣು ಮಿಟುಕಿಸಿ, ಹಲ್ಲು ಕಚ್ಚಿ, ತಲೆ ಆಡಿಸಿ ಬರುವ ಸುಳ್ಳು ಅಲೆಗಳನ್ನು ಗುರುತಿಸಲಿ. ಆಲ್ಫಾ ಚೆನ್ನಾಗಿ ಕಾಣದವರೂ ಇದ್ದಾರೆ, ಇಬ್ಬರನ್ನು ತಯಾರಿಟ್ಟುಕೊಳ್ಳಿ. ಮಿನುಗುವ ಬೆಳಕು ಬೇಡ, ಅಪಸ್ಮಾರದ ಭಯವಿದೆ.

ಅಂಕಿಅಂಶಕ್ಕೆ ಟಿ-ಟೆಸ್ಟ್ ಇಲ್ಲದೆಯೂ ನಡೆಯುತ್ತೆ. ಪ್ರತಿ ಪ್ರಯೋಗಕ್ಕೂ ಮುನ್ನ ‘ಯಾವ ದಿಕ್ಕಿಗೆ ಬದಲಾಗುತ್ತೆ’ ಅಂತ ಪ್ರತಿಯೊಬ್ಬರೂ ಇಂಕ್‌ನಲ್ಲಿ ಬರೆದು ಸಹಿ ಮಾಡಿಸಿಕೊಳ್ಳಲಿ. ಆಮೇಲೆ ಎಷ್ಟು ಜನರ ಅಳತೆ ಆ ದಿಕ್ಕಿಗೆ ಹೋಯಿತು ಅಂತ ಎಣಿಸಿ. 18ರಲ್ಲಿ 14 ಅಥವಾ ಹೆಚ್ಚು, ಯಾವ ಕಡೆಯಾದರೂ ಸರಿ, ಒಂದೇ ಕಡೆ ಬರುವುದು ಬರೀ ಕಾಕತಾಳೀಯವಾಗಿ ನಡೆಯುವ ಸಂಭವ ನೂರಕ್ಕೆ ಸುಮಾರು 3. 12 ಬಂದರೆ ಏನೂ ಹೇಳಲಾಗದು, ಹಾಗಂತಲೇ ಬರೆಯಲಿ. ಅದಕ್ಕೂ ಪೂರ್ತಿ ಅಂಕ ಕೊಡಿ. ಬಾರದ ಫಲಿತಾಂಶಕ್ಕೆ ಅಂಕ ಕಳೆದರೆ ಮುಂದಿನ ವಾರದಿಂದ ಎಲ್ಲರಿಗೂ ಪುಸ್ತಕದ ಫಲಿತಾಂಶವೇ ಬರಲು ಶುರುವಾಗುತ್ತೆ.

ಸೆಮಿಸ್ಟರ್ 15 ವಾರ ಅಂತ ಕಾಗದದಲ್ಲಿರುತ್ತೆ. ಇಂಟರ್ನಲ್ಸ್, ಹಬ್ಬ, ಕ್ರೀಡಾಕೂಟ ಕಳೆದರೆ ಹತ್ತು ಸಿಕ್ಕಿದರೆ ಪುಣ್ಯ. ಆರು ಪ್ರಯೋಗ ಇಟ್ಟುಕೊಳ್ಳಿ, ಎರಡು ವಾರ ಮರುಪ್ರಯೋಗಕ್ಕೆ ಖಾಲಿ ಬಿಡಿ. ಮೊದಲ ವಾರ ಸ್ಕೇಲ್, ಎರಡನೆಯದು ನರದ ವೇಗ, ಆಮೇಲೆ ಹೃದಯ ಮತ್ತು ಚರ್ಮ ಸರದಿಯಲ್ಲಿ, ಜೊತೆಗೆ ಮಿರರ್ ಡ್ರಾಯಿಂಗ್. ವಿಚ್ಛೇದನ ಎಂಟನೆಯ ವಾರಕ್ಕೆ ಇದ್ದರೆ ಮೆದುಳು ನಾಲ್ಕನೆಯ ವಾರದ ಕೊನೆಗೆ ಫಾರ್ಮಲಿನ್‌ನಲ್ಲಿರಬೇಕು. ಫಾರ್ಮಲಿನ್ ಖರೀದಿಗೆ ಕಚೇರಿಯ ಮಂಜೂರಾತಿ, ಕೊಟೇಶನ್ ಎಲ್ಲ ಬೇಕಲ್ಲ, ಆ ಅರ್ಜಿಯನ್ನು ಮೊದಲ ದಿನವೇ ಕೊಟ್ಟುಬಿಡಿ.